ಆಮೆನ್ ಅಂದ ಮ್ಯಾಲೆ ಹೊಟ್ಟಿ ಪಾಡು?

ಬೀಳಗಿ ಪೇಟೆಯಲ್ಲಿ ಖಣ ಬಿಚ್ಚಿ ತೋರಿಸುವ ಅಂಗಡಿಕಾರರಿಗೆ ಗುಳೇದಗುಡ್ಡ ಹೊಸ ಊರೇನಲ್ಲ. ಆ ನೇಕಾರರ ಊರಿನಲ್ಲಿ ಬಾಸೆಲ್ ಮಿಷನ್ ಪಾದ್ರಿಗಳು ಠಾಣ್ಯ ಹೂಡಿದ್ದು 1851ರಲ್ಲಿ. ಯೇಸುವಿನ ಮಾತು ಹೇಳುವುದು ಸುಲಭ. ಕೇಳಿ ಒಪ್ಪಿಕೊಂಡವನ ಪಾಡೇನು? ಜಾತಿಯವರು ಹೊರಗಿಟ್ಟರೆ ಕಸುಬೂ ಹೋಯಿತು. ‘ದೇವರು ಕೊಡ್ತಾನ ಬಿಡ್ರಿ’ ಅಂದರೆ ಒಲೆ ಹೊತ್ತೀತೆ?

ಈ ಸಂಕಟ ಮಿಷನ್ನಿಗೆ ಮಂಗಳೂರಿನಲ್ಲಿ ಮೊದಲೇ ಎದುರಾಗಿತ್ತು. ಅಲ್ಲಿ ಅದು ಕೊಟ್ಟ ಉತ್ತರ ಉಪದೇಶವಲ್ಲ, ಕೆಲಸ. ಮೊದಲು ಮಗ್ಗ ಹಾಕಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಪಾದ್ರಿ ಹಂಚಿನ ಕಾರ್ಖಾನೆಯನ್ನೇ ತೆರೆದ. ಊರೂರಿಗೆ ಹೋದ ‘ಮಂಗಳೂರು ಹಂಚು’ ಹುಟ್ಟಿದ್ದು ಹಾಗೆ. ಮಣ್ಣು ತುಳಿದವನು ಭಿಕ್ಷೆಯಲ್ಲ, ಕೂಲಿ ಎಣಿಸಿಕೊಂಡು ಮನೆಗೆ ಹೋದ. ಹಾಗಂತ ಎಲ್ಲವೂ ಸೊಗಸಾಗಿತ್ತೆನ್ನಲಾಗದು. ಕೂಲಿ ಕೊಡುವ ಕೈ, ಆಶೀರ್ವಾದ ಮಾಡುವ ಕೈ ಒಂದೇ ಆದಾಗ ಧಣಿಗೆ ಎದುರು ಮಾತಾಡುವುದು ಯಾರಿಗಾದರೂ ಕಷ್ಟವೇ.

1914ರ ಮಹಾಯುದ್ಧ ಬಂತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಕೈಬಿಟ್ಟವು. ಆದರೆ ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆ ಉಳಿಯಿತು. ಜಡ್ಡು ಬಿದ್ದವರನ್ನು ಕರೆದುಕೊಂಡು ಬಸ್ ಹತ್ತುವ ಹಳ್ಳಿಯ ಮಂದಿಯ ಬಾಯಲ್ಲಿ ಅದು ಬಹುಕಾಲ ‘ಜರ್ಮನ್ ದವಾಖಾನಿ’.