ಗರಡಿಯ ಮಣ್ಣೂ ಮುಷ್ಟಿಯ ಕೈಗವುಸೂ

ಕಳೆದ ಶ್ರಾವಣದ ಒಂದು ಸಂಜೆ ಬೆಟಗೇರಿಯ ನೇಕಾರ ಮನೆತನದ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗನು ನಮ್ಮ ಹಳೆಯ ವಿದ್ಯಾರ್ಥಿ, ಹದಿನಾರರ ಪ್ರಾಯ, ಐದು ವರ್ಷ ಗರಡಿಯಲ್ಲಿ ಸಾಮು ಮಾಡಿ ಮೈ ಕಟ್ಟಿದವನು. ಈಗ ಅವನಿಗೆ ಬಾಕ್ಸಿಂಗಿನ ಹಂಬಲ ಹತ್ತಿತ್ತು. “ವಸ್ತಾದರು ಬ್ಯಾಡ ಅಂತಾರ್ರಿ ಮಾಸ್ತರ, ಇವ ಕೇಳವಲ್ಲ. ನೀವಾದ್ರೂ ಒಂದ್ ಮಾತ ಹೇಳ್ರಿ” ಎಂದು ಆ ತಾಯಿ ಕೇಳಿಕೊಂಡರು. ಇಂತಹ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಹುಟ್ಟುತ್ತಿರುವುದರಿಂದ, ನಾವು ಕಂಡುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಮುಷ್ಟಿಯುದ್ಧವು ಕೇವಲ ಪರದೇಶದ ಸರಕೆಂದು ಭಾವಿಸುವುದು ಸರಿಯಲ್ಲ. ಕಂಸನ ರಂಗದಲ್ಲಿ ಬಲರಾಮನೊಡನೆ ಸೆಣಸಿದ ಮಲ್ಲನ ಹೆಸರೇ ಮುಷ್ಟಿಕ. ಕ್ರಿ. ಶ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿಯ ಮಲ್ಲರ ಹೊಡೆತಕ್ಕೆ ಹಲ್ಲು ಮುರಿದು ಕಣ್ಣು ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಪರಂಪರೆಯ ಕುರುಹು ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಉಳಿದಿದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಆಯುಧವನ್ನು ತೊಟ್ಟು ಎದುರಾಗುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆಯೇ ಕಾಳಗವನ್ನು ನಿಲ್ಲಿಸುತ್ತಾರೆ. ಹೊಡೆಯುವ ವಿದ್ಯೆಯನ್ನು ಬಲ್ಲ ಹಿರಿಯರು ನಿಲ್ಲಿಸುವ ವಿದ್ಯೆಯನ್ನೂ ಬಲ್ಲವರಾಗಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಸಾಧನೆಯ ವಿಚಾರ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವನ್ನೇ ಇಟ್ಟಿದ್ದಾನೆ. ನಮ್ಮ ಲಕ್ಷ್ಮೇಶ್ವರ, ಎಂದರೆ ಅಂದಿನ ಪುಲಿಗೆರೆ, ಆ ಅರಸರ ಕಾಲದ ಪ್ರಮುಖ ಪಟ್ಟಣ. ಮಲ್ಲರು ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮಗಳನ್ನು ಮಾಡಬೇಕೆಂದು ಅಲ್ಲಿ ಹೇಳಿದೆ. ಇಂದಿನ ಬಾಕ್ಸಿಂಗ್ ಶಿಕ್ಷಕರು ನಸುಕಿನಲ್ಲಿ ಹುಡುಗರನ್ನು ಓಡಿಸುವುದನ್ನು ಕಂಡಾಗ ನಮಗೆ ಭ್ರಮಣಶ್ರಮದ ನೆನಪಾಗುತ್ತದೆ. ದಂಡ, ಬೈಠಕ್ಕುಗಳಿಂದ ಬಂದ ಕಾಲಿನ ಕಸುವೂ, ಕರೇಲ ತಿರುವಿ ಬಂದ ಭುಜಬಲವೂ, ಕುಸ್ತಿಯಿಂದ ಬಲಿತ ಕುತ್ತಿಗೆಯೂ ಮುಷ್ಟಿಗನಿಗೆ ಸಿದ್ಧವಾದ ಗಂಟು. ಏಕೆಂದರೆ ಗುದ್ದು ಹುಟ್ಟುವುದು ಕೈಯಲ್ಲಲ್ಲ; ಹಿಂಗಾಲಿನಲ್ಲಿ ಹುಟ್ಟಿ, ಸೊಂಟದಲ್ಲಿ ತಿರುಗಿ, ಭುಜದ ಮೂಲಕ ಮುಷ್ಟಿಗೆ ಬರುತ್ತದೆ.

ಆದರೆ ಎಲ್ಲವೂ ಕೂಡಿಬರುವುದಿಲ್ಲ. ಕುಸ್ತಿಯವನು ಮೈ ಬಗ್ಗಿಸಿ, ತಲೆ ಮುಂದೆ ಮಾಡಿ, ಹಿಡಿಯಲು ಕೈ ಚಾಚಿ ನಿಲ್ಲುತ್ತಾನೆ. ಮುಷ್ಟಿಗನು ಓರೆಯಾಗಿ ನಿಂತು, ಗದ್ದ ತಗ್ಗಿಸಿ, ಕೆನ್ನೆಯ ಹತ್ತಿರ ಕೈ ಕಾಯುತ್ತಾನೆ. ಒಂದರಲ್ಲಿ ಗುದ್ದುವುದು ತಪ್ಪು, ಇನ್ನೊಂದರಲ್ಲಿ ಹಿಡಿಯುವುದು ತಪ್ಪು. 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಕೈಗವುಸನ್ನೂ, ಮೂರು ನಿಮಿಷದ ಸುತ್ತನ್ನೂ, ನಡುವೆ ಒಂದು ನಿಮಿಷದ ವಿಶ್ರಾಂತಿಯನ್ನೂ ವಿಧಿಸಿ, ಅಪ್ಪಿ ಹಿಡಿಯುವುದನ್ನು ನಿಷೇಧಿಸಿದುವು. ಆದಕಾರಣ ಗರಡಿಯಿಂದ ಬಲವನ್ನು ಒಯ್ಯಬಹುದು, ನಿಲುವನ್ನು ಒಯ್ಯಲಾಗದು.

ನಮ್ಮ ಹುಡುಗನು ಈ ಭೇದವನ್ನು ಪೆಟ್ಟು ತಿಂದು ಕಲಿತಿದ್ದನು. ತಾಯಿ ಒಳಗೆ ಹೋದಾಗ ಮೆಲ್ಲನೆ ಕೇಳಲು, ಗೆಳೆಯರೊಡನೆ ಕದ್ದು ಆಡುವಾಗ ಕುಸ್ತಿಯ ರೀತಿಯಲ್ಲೇ ತಲೆ ಮುಂದೊಡ್ಡಿ ಗುದ್ದು ತಿಂದುದನ್ನೂ, ಆ ರಾತ್ರಿ ವಾಂತಿಯಾದುದನ್ನೂ, ಮನೆಯಲ್ಲಿ ಮುಚ್ಚಿಟ್ಟುದನ್ನೂ ಹೇಳಿದನು. ನಾವು ಗಾಬರಿಗೊಂಡು, ತಾಯಿಗೆ ತಿಳಿಸಿ, ಮರುದಿನವೇ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ದೇವರ ದಯದಿಂದ ಅಪಾಯವಿರಲಿಲ್ಲ. ಬಳಿಕ ವಸ್ತಾದರನ್ನು ಕಂಡೆವು. ಅವರ ವಿರೋಧವು ಪರವಿದ್ಯೆಯ ಮೇಲಿನ ಹಗೆಯೆಂದು ನಾವು ಬಗೆದಿದ್ದೆವು. ಅದು ನಮ್ಮ ತಪ್ಪು. “ಕಾಲ ಮುರಿದ್ರ ಕೂಡಿಸಬಹುದು ಮಾಸ್ತರ, ತಲಿ ಕೆಟ್ರ ಏನ್ ಮಾಡೂದು?” ಎಂದರು ಅವರು. ನಮಗೆ ಉತ್ತರ ಹೊಳೆಯಲಿಲ್ಲ.

ಅವರ ಮಾತೇ ನಿಜ. ಕೈಗವುಸು ಹೊಡೆಯುವವನ ಬೆರಳನ್ನು ಕಾಯುವಷ್ಟು ಹೊಡೆಸಿಕೊಳ್ಳುವವನ ಮಿದುಳನ್ನು ಕಾಯದು. ತಲೆಗೆ ಪೆಟ್ಟಾದ ಮೇಲೆ ತಲೆಶೂಲೆ, ವಾಂತಿ, ಮಂಕು, ಮರೆವು ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಆಟಕ್ಕಿಳಿಯಬಾರದು. ವೈದ್ಯರು ಒಪ್ಪುವ ತನಕ ಮುಂದೆಯೂ ಇಳಿಯಬಾರದು. ಮಕ್ಕಳು ಇದನ್ನು ಮುಚ್ಚಿಡುವುದು ಬೈಗುಳದ ಭಯದಿಂದ. ಬೈಯುವ ಮನೆಯಲ್ಲಿ ಪೆಟ್ಟಿನ ಸುದ್ದಿ ತಡವಾಗಿ ತಿಳಿಯುತ್ತದೆ.

ಕೊನೆಗೆ ವಸ್ತಾದರೂ ತಾಯಿಯೂ ಕೂಡಿ ಒಪ್ಪಿದ ಕಟ್ಟಳೆ ಹೀಗಿದೆ: ಬೆಳಗ್ಗೆ ಗರಡಿಯ ಸಾಮು ಬಿಡಬಾರದು, ವಾರಕ್ಕೆ ಮೂರು ಸಂಜೆ ತಿಳಿದ ಶಿಕ್ಷಕರ ಕಣ್ಣೆದುರಿಗೆ ಮಾತ್ರ ಮುಷ್ಟಿಯ ಅಭ್ಯಾಸ, ಮೊದಲ ಆರು ತಿಂಗಳು ಹೆಜ್ಜೆ, ಹಗ್ಗದಾಟ, ತೂಗುಚೀಲಕ್ಕೆ ಗುದ್ದುವುದು ಇಷ್ಟೇ ಹೊರತು ಎದುರಾಳಿಯ ತಲೆಗೆ ಹೊಡೆತವಿಲ್ಲ, ಪೆಟ್ಟಾದರೆ ಅಂದೇ ತಾಯಿಗೆ ಹೇಳತಕ್ಕದ್ದು.

ಮೊನ್ನೆ ಹುಡುಗನು ಬಂದು ನಮ್ಮ ಪಡಸಾಲೆಯಲ್ಲಿ ಹೆಜ್ಜೆ ಹಾಕಿ ತೋರಿಸಿದನು. ಗದ್ದ ತಗ್ಗಿತ್ತು, ಕೈ ಕೆನ್ನೆಯನ್ನು ಕಾಯುತ್ತಿತ್ತು. ಹೊರಡುವಾಗ, ಗರಡಿಗೆ ಇಳಿಯುವ ಮುನ್ನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿಯಂತೆ, ಈಗ ಕೈಗವುಸನ್ನೂ ಕಣ್ಣಿಗೊತ್ತಿಕೊಳ್ಳುವೆನೆಂದು ನಾಚುತ್ತ ಹೇಳಿದನು. ವಸ್ತಾದರಿಗೆ ಇದು ಗೊತ್ತೇ ಎಂದು ಕೇಳಿದೆವು. ಅವರೇ ಹೇಳಿಕೊಟ್ಟರಂತೆ.