ಎತ್ತಿನ ಹೊಟ್ಟೆಯಲ್ಲಿ ಕ್ಯಾಮೆರಾ

1900ರ ಸುಮಾರಿಗೆ ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಒಂದು ಎತ್ತು ಗಂಟೆಗಟ್ಟಲೆ ಅಲುಗಾಡದೆ ನಿಂತಿರುತ್ತಿತ್ತು. ಮೇಯುತ್ತಿರಲಿಲ್ಲ, ಬಾಲ ಬೀಸುತ್ತಿರಲಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಪುಟ್ಟ ಹಕ್ಕಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎದುರಿನಲ್ಲೇ ಮರಿಗಳಿಗೆ ಗುಟುಕು ಕೊಡುತ್ತಿದ್ದವು. ಎತ್ತಿಗಿದ್ದದ್ದು ಹದ ಮಾಡಿದ ಚರ್ಮ ಮಾತ್ರ. ಒಳಗೆ ಹಗುರಾದ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಸೊಂಟ ಬಗ್ಗಿಸಿಕೊಂಡು ನಿಂತ ಒಬ್ಬ ಮನುಷ್ಯ, ಅವನ ಜೊತೆಗೆ ಗಾಜಿನ ಪ್ಲೇಟು ಹಾಕುವ ಕ್ಯಾಮೆರಾ. ಲೆನ್ಸ್ ಹೊರಗೆ ಇಣುಕಲು ಚರ್ಮದಲ್ಲೊಂದು ತೂತು.

ಈ ವೇಷ ಕಟ್ಟಿದವರು ರಿಚರ್ಡ್ ಕೇರ್ಟನ್, ಚೆರ್ರಿ ಕೇರ್ಟನ್ ಎಂಬ ಅಣ್ಣತಮ್ಮಂದಿರು. ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯ ಥ್ವೇಟ್ ಎಂಬ ಹಳ್ಳಿಯವರು. ಅಣ್ಣ ಹುಟ್ಟಿದ್ದು 1862ರಲ್ಲಿ, ತಮ್ಮ 1871ರಲ್ಲಿ. ಹಕ್ಕಿಗೂಡಿನ ಆಸೆಗೆ ಮರ ಹತ್ತಿ ಬಿದ್ದ ರಿಚರ್ಡ್‌ಗೆ ಸೊಂಟದ ಪೆಟ್ಟು ನೆಟ್ಟಗೆ ವಾಸಿಯಾಗಲಿಲ್ಲ. ಕೊನೆತನಕ ಕುಂಟುತ್ತಲೇ ನಡೆದ. ಅವನ ಹಣೆಬರಹ ಬದಲಾದದ್ದೂ ಒಂದು ಹಕ್ಕಿಯಿಂದಲೇ. ಲಂಡನ್ನಿನ ಕ್ಯಾಸೆಲ್ ಪ್ರಕಾಶನ ಸಂಸ್ಥೆಗೆ ಸೇರಿದ ದೊಡ್ಡ ಮನುಷ್ಯರೊಬ್ಬರು ಆ ಕಡೆಯ ಬಯಲಿಗೆ ಗ್ರೌಸ್ ಹಕ್ಕಿಯ ಬೇಟೆಗೆ ಬಂದಿದ್ದರು. ಹುಡುಗ ಗ್ರೌಸ್‌ನ ಕೂಗನ್ನೇ ಅನುಕರಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆದ. ಬೆರಗಾದ ಅವರು ಲಂಡನ್ನಿನಲ್ಲಿ ಕೆಲಸ ಕೊಡಿಸಿದರು. ಹಳ್ಳಿ ಹೈದ ಪೇಟೆ ಸೇರಿದ. ಮುಂದೆ ತಮ್ಮನೂ ಅದೇ ಸಂಸ್ಥೆಗೆ ಬಂದ.

ಕಚೇರಿ ಕೆಲಸದವರಿಗೆ ದೂರದ ಕಾಡು ಎಲ್ಲಿಯದು? ಸಿಕ್ಕುತ್ತಿದ್ದದ್ದು ಬಿಡುವಿನ ದಿನ, ಊರಂಚಿನ ಬೇಲಿ, ಹೊಲದ ಬದು. 1892ರ ವಸಂತದಲ್ಲಿ ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ ಒಂದು ಥ್ರಷ್ ಹಕ್ಕಿಯ ಗೂಡು ಕಣ್ಣಿಗೆ ಬಿತ್ತು. ಚೆರ್ರಿ ಅದರ ಫೋಟೊ ತೆಗೆದ. ಗೂಡು, ಅದರೊಳಗೆ ಮೊಟ್ಟೆ, ಇಷ್ಟೇ. ಆ ಚಿತ್ರ ನೋಡಿದ ಅಣ್ಣನಿಗೆ ಒಂದು ಪುಸ್ತಕವೇ ಹೊಳೆಯಿತು. ಮೂರು ವರ್ಷ ಬೆಟ್ಟ ಬಯಲು ಅಲೆದು 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಪುಸ್ತಕ ಹೊರತಂದರು. ಪ್ರಕೃತಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ತೆಗೆದ ಫೋಟೊಗಳಿಂದಲೇ ತುಂಬಿದ ಮೊದಲ ಪುಸ್ತಕ ಅದೆಂದು ಹೆಸರಾಯಿತು. ಅಲ್ಲಿಯವರೆಗೆ ಹಕ್ಕಿಯನ್ನು ಅರಿಯುವುದೆಂದರೆ ಕೋವಿಯಿಂದ ಹೊಡೆದು, ಒಣಹುಲ್ಲು ತುಂಬಿ, ಮೇಜಿನ ಮೇಲಿಟ್ಟು ಬರೆಯುವುದು. ಮೊಟ್ಟೆ ಕದ್ದು ಪೆಟ್ಟಿಗೆ ತುಂಬುವುದು ಮರ್ಯಾದಸ್ಥರ ಹವ್ಯಾಸವಾಗಿದ್ದ ಕಾಲ. 1898ರಲ್ಲಿ ಬಂದ ಇವರ ಇನ್ನೊಂದು ಪುಸ್ತಕವಂತೂ ವನ್ಯಜೀವಿಗಳನ್ನು ಅವುಗಳ ನೆಲೆಯಲ್ಲೇ ನೋಡಿ ಫೋಟೊ ತೆಗೆಯುವುದು ಹೇಗೆಂದು ಹೇಳಿಕೊಡುವುದಕ್ಕೇ ಮೀಸಲಾಗಿತ್ತು.

ಗೂಡು ಹಾರಿಹೋಗುವುದಿಲ್ಲ, ಹಕ್ಕಿ ಹಾರುತ್ತದೆ. ಅಂದಿನ ಲೆನ್ಸಿಗೆ ಹಕ್ಕಿ ಕೈಗೆಟುಕುವಷ್ಟು ಹತ್ತಿರದಲ್ಲಿ ಇರಬೇಕಿತ್ತು. ಮೊದಲು ಸೋದರರು ಸರ್ಕಸ್ಸನ್ನೇ ನಡೆಸಿದರು. ಕಡಲ ಬಂಡೆಗಳಿಂದ ಹಗ್ಗ ಹಿಡಿದು ಇಳಿದರು. ಎತ್ತರದ ಗೂಡುಗಳಿಗೆ ಅಣ್ಣನ ಹೆಗಲ ಮೇಲೆ ತಮ್ಮ ನಿಂತ. ಆಮೇಲೆ ಬುದ್ಧಿ ಬೇರೆ ಕಡೆ ಓಡಿತು: ಹಕ್ಕಿಗೆ ದನದ ಭಯವಿಲ್ಲವಲ್ಲ! ಕಟುಕನಿಂದ ಎತ್ತಿನ ಚರ್ಮ ತಂದು, ಲಂಡನ್ನಿನ ಪಿಕಡಿಲಿಯಲ್ಲಿ ಪ್ರಾಣಿಗಳಿಗೆ ಹುಲ್ಲು ತುಂಬುವುದರಲ್ಲಿ ಹೆಸರುವಾಸಿಯಾಗಿದ್ದ ರೋಲಂಡ್ ವಾರ್ಡ್ ಅವರಿಂದ ಟೊಳ್ಳು ಎತ್ತು ಮಾಡಿಸಿದರು. ಕುರಿಯ ವೇಷ, ಮರದ ಬೊಡ್ಡೆಯ ವೇಷವೂ ಸಿದ್ಧವಾದವು. ಪೌರಾಣಿಕ ನಾಟಕದ ಬಣ್ಣದ ಕೋಣೆಯಲ್ಲೂ ಇಷ್ಟು ಸೋಗು ಸಿಗಲಾರದು.

ಒಂದು ದಿನ ಎತ್ತಿನೊಳಗೆ ಬಗ್ಗಿ ನಿಂತಿದ್ದವನಿಗೆ ತಲೆ ತಿರುಗಿತು. ಅವನು ಬಿದ್ದ, ಅವನ ಜೊತೆ ಎತ್ತೂ ಉರುಳಿತು. ನಾಲ್ಕೂ ಕಾಲು ಆಕಾಶಕ್ಕೆ. ಒಳಗಿನವನು ತಾನಾಗಿ ಹೊರಬರುವ ಹಾಗಿರಲಿಲ್ಲ. ಬಂದು ನೋಡಿದ ಸೋದರ ಎಳೆದು ಬಿಡಿಸುವ ಮೊದಲು ಅದರದೂ ಒಂದು ಫೋಟೊ ತೆಗೆದ ಎಂಬ ಕಥೆ ಉಳಿದುಕೊಂಡಿದೆ. ಕಾಲು ಮೇಲಾದ ಆ ಎತ್ತಿನ ಚಿತ್ರ ನನಗೆ ಅವರ ಎಲ್ಲ ಹಕ್ಕಿ ಚಿತ್ರಗಳಿಗಿಂತ ಹೆಚ್ಚು ಇಷ್ಟ. ಹಕ್ಕಿಯ ಹತ್ತಿರ ಹೋಗುವ ಕಷ್ಟವೆಲ್ಲ ಆಗ ಫೋಟೊ ತೆಗೆಯುವವನ ಪಾಲಿಗಿತ್ತು. ಬೆವರು ಅವನದು, ಕುತ್ತಿಗೆ ನೋವು ಅವನದು, ತಲೆ ಸುತ್ತಿ ಬೀಳುವವನೂ ಅವನೇ. ಗುಟುಕು ಕೊಡುತ್ತಿದ್ದ ಹಕ್ಕಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ.

ಆ ಚಿತ್ರಗಳಲ್ಲಿ ಬಣ್ಣವಿರಲಿಲ್ಲ. ಮಿಂಚುಳ್ಳಿ ಬೂದು, ಗುಬ್ಬಿಯೂ ಬೂದು. 1907ರಲ್ಲಿ ಲ್ಯೂಮಿಯೆರ್ ಸೋದರರ ಆಟೊಕ್ರೋಮ್ ಬಣ್ಣದ ಪ್ಲೇಟು ಮಾರುಕಟ್ಟೆಗೆ ಬಂದರೂ ಬಿಸಿಲಲ್ಲೇ ಅದಕ್ಕೆ ಒಂದೆರಡು ಸೆಕೆಂಡು ಬೆಳಕು ಬೇಕಿತ್ತು. ಅಷ್ಟು ಹೊತ್ತು ಅಲ್ಲಾಡದೆ ಕೂರುವ ಹಕ್ಕಿ ಯಾವುದು? 1935ರಲ್ಲಿ ಕೊಡಾಕ್ರೋಮ್ ಫಿಲ್ಮು, ಹಿಂದೆಯೇ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಗಿ ಆರುವ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದವು. ನಡುವೆ 1937ರಲ್ಲಿ ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ ಗೂಬೆಯ ಗೂಡಿನ ಬಳಿ ರಾತ್ರಿ ಹೋಗಿ, ಅದರ ಉಗುರಿಗೆ ಎಡಗಣ್ಣು ಕಳೆದುಕೊಂಡರು. ಆಮೇಲೂ ದಶಕಗಳ ಕಾಲ ಹಕ್ಕಿಗಳ ಚಿತ್ರವನ್ನೇ ತೆಗೆದರು.

ಮನೆಯಂಗಳದ ಬಣ್ಣದ ಹಕ್ಕಿಗೆ ನಿಜವಾಗಿ ಮರುಳಾದವರು ಅಮೆರಿಕದ ಕ್ರಾಫರ್ಡ್ ಗ್ರೀನ್‌ವಾಲ್ಟ್. ಡುಪಾಂಟ್ ಎಂಬ ಭಾರಿ ರಾಸಾಯನಿಕ ಕಂಪನಿಯ ಅಧ್ಯಕ್ಷರು. ಡೆಲವೇರ್‌ನ ತಮ್ಮ ಮನೆಯ ತೋಟಕ್ಕೆ ಬರುತ್ತಿದ್ದ ಹಮ್ಮಿಂಗ್ ಬರ್ಡ್‌ಗಳನ್ನು ನೋಡಿ ಎಂಜಿನಿಯರ್ ಬುದ್ಧಿ ಕೆರಳಿತು. ರೆಕ್ಕೆಯ ಬಡಿತ ಸೆಕೆಂಡಿಗೆ 50ರ ಆಸುಪಾಸು. ಅದನ್ನು ನಿಲ್ಲಿಸಿ ತೋರಿಸಲು ಸೆಕೆಂಡಿನ ಹತ್ತಾರು ಸಾವಿರದಲ್ಲೊಂದು ಪಾಲು ಮಾತ್ರ ಬೆಳಗುವ ಫ್ಲ್ಯಾಶ್ ಬೇಕು. ಅದನ್ನು ಹೊಂದಿಸಿಕೊಂಡರು. 1960ರಲ್ಲಿ ಅವರ ಪುಸ್ತಕ ಬಂತು. ಆ ಹಕ್ಕಿಯ ಕೊರಳು ಒಂದು ಕೋನದಿಂದ ಕಪ್ಪು, ಇನ್ನೊಂದರಿಂದ ಕೆಂಡ. ಅದು ಬಳಿದ ಬಣ್ಣವಲ್ಲ, ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಆಡುವ ಆಟ. ನಮ್ಮ ದಾಸವಾಳಕ್ಕೆ ಬರುವ ಗಂಡು ಸೂರಕ್ಕಿಯೂ ಹಾಗೆಯೇ. ನೆರಳಲ್ಲಿ ಕಾಡಿಗೆ ಕಪ್ಪು, ಬಿಸಿಲಿಗೆ ತಿರುಗಿದರೆ ನೇರಳೆ.

ಕರ್ನಾಟಕದ ಕಥೆಯನ್ನು ಬೆಂಗಳೂರಿನ ಒ.ಸಿ. ಎಡ್ವರ್ಡ್ಸ್ ಅವರಿಂದ ಶುರು ಮಾಡಬಹುದು. ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಒಂದು ಪೀಳಿಗೆಗೇ ಗುರುವಾಗಿದ್ದರು. ಅವರ ಕಾಲದಲ್ಲಿ ಹೈಡ್ ಎಂದರೆ ಕಡ್ಡಿ ನೆಟ್ಟು ಬಟ್ಟೆ ಸುತ್ತಿದ ಗೂಡಾರ. ಒಳಗೆ ಹೋಗುವಾಗ ಇಬ್ಬರು ಹೋಗಬೇಕು, ಒಬ್ಬ ಹೊರಬಂದು ಹಕ್ಕಿಗೆ ಕಾಣುವಂತೆ ದೂರ ನಡೆದುಬಿಡಬೇಕು. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಎಲ್ಲರೂ ಹೋದರೆಂದು ಮರಳುತ್ತದೆ. ರೋಲಿಗೆ 36 ಚಿತ್ರ, ಅದರಲ್ಲಿ ಒಂದು ಚೆನ್ನಾಗಿ ಬಂದರೆ ಹಬ್ಬ. ಮಲೆನಾಡಿನಲ್ಲಿ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟದ ಸುತ್ತಲೇ ಕಾದು ಕೂತು ಹಕ್ಕಿಗಳ ಚಿತ್ರ ತೆಗೆದರು. ‘ಕನ್ನಡ ನಾಡಿನ ಹಕ್ಕಿಗಳು’ ಬರೆದರು. ಹಕ್ಕಿ ನೋಡಲು ಆಫ್ರಿಕಕ್ಕೆ ಹೋಗಬೇಕಿಲ್ಲ, ಹಿತ್ತಿಲ ಬಾಗಿಲು ತೆರೆದರೆ ಸಾಕೆಂದು ಎಷ್ಟೋ ಕನ್ನಡಿಗರಿಗೆ ಗೊತ್ತಾದದ್ದು ಅವರಿಂದ.

ನಂತರ ಡಿಜಿಟಲ್ ಬಂತು. ಒಳ್ಳೆಯದೇ ಆಯಿತು ಎನ್ನಬೇಕು. ಬಡವನೂ ನೂರು ಚಿತ್ರ ತೆಗೆಯಬಹುದು. ಆದರೆ ಎತ್ತಿನೊಳಗೆ ನಿಲ್ಲುವ ತಾಳ್ಮೆ ಕ್ಯಾಮೆರಾದ ಜೊತೆ ಪೆಟ್ಟಿಗೆಯಲ್ಲಿ ಬರಲಿಲ್ಲ. ನಮ್ಮ ಬಡಾವಣೆಯಲ್ಲಿ ಒಂದು ಸೂರಕ್ಕಿ ತಂತಿಗೆ ಗೂಡು ನೇತುಹಾಕಿತ್ತು. ಸುದ್ದಿ ವಾಟ್ಸ್‌ಆ್ಯಪಿಗೆ ಬಿದ್ದ ಮೇಲೆ ಆ ಬೀದಿಗೆ ಉದ್ದುದ್ದ ಲೆನ್ಸುಗಳ ಸಂತೆ. ‘ಕ್ಲೀನ್ ಫ್ರೇಮ್’ ಬೇಕೆಂದು ಯಾರೋ ಅಡ್ಡವಿದ್ದ ಬಳ್ಳಿಯನ್ನು ಕತ್ತರಿಸಿದರು. ಆ ಬಳ್ಳಿ ಅಲ್ಲಿದ್ದದ್ದು ಚಂದಕ್ಕಲ್ಲ. ಕಾಗೆ, ಕೆಂಬೂತಗಳ ಕಣ್ಣಿಗೆ ಗೂಡು ಬೀಳದಿರಲಿ ಎಂದು ಹಕ್ಕಿ ಆರಿಸಿಕೊಂಡ ಮರೆ ಅದು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರದು ಇನ್ನೊಂದು ಬಗೆ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿತೆಂದು ನಂಬಿ, ಮರಿಗೆ ಹುಳ ತರಬೇಕಾದ ಹಕ್ಕಿ ಇಲ್ಲದ ವೈರಿಯನ್ನು ಅಟ್ಟುತ್ತಾ ಸೊರಗುತ್ತದೆ. ರಿಚರ್ಡ್ ಕೂಡ ಕೂಗಿ ಕರೆದವನೇ ತಾನೆ ಎಂದು ವಾದಿಸಬಹುದು. ಹೌದು, ಕೋವಿಯ ಎದುರಿಗೆ ಕರೆದ! ಆ ಕಾಲದ ಬುದ್ಧಿ ಈಗಲೂ ಬೇಕೇ?

ದಾರಿ ಇಲ್ಲದೆ ಇಲ್ಲ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಹಳೆಯ ಮ್ಯಾಗಜೀನ್ ಹೌಸ್ ಆವರಣದಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿಗಳಿವೆ. ಬೇಸಿಗೆಯ ಇಳಿಹೊತ್ತಿಗೆ ರಾಜಹಕ್ಕಿ, ಶಾಮ, ಕೆಂಪುಕೊರಳ ಪಿಕಳಾರ ಸ್ನಾನಕ್ಕೆ ತಾವಾಗಿ ಇಳಿಯುತ್ತವೆ. ಕಾಯುವವರು ಮರೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು, ಸೊಳ್ಳೆ ಕಚ್ಚಿಸಿಕೊಳ್ಳಬೇಕು. ಇದನ್ನು ಮನೆಯಲ್ಲೂ ಮಾಡಬಹುದು. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳಿನಷ್ಟೇ ನೀರು, ನಡುವೆ ಕೂರಲೊಂದು ಕಲ್ಲು; ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ದೂರವಿರಲಿ, ನೀರನ್ನು ದಿನವೂ ಚೆಲ್ಲಿ ತಟ್ಟೆ ಉಜ್ಜಿ. ನೀವು ಕಿಟಕಿಯ ಪರದೆಯ ಹಿಂದೆ ಕೂತಿರಿ.

ಗೂಡಿನ ಸಹವಾಸ ಮಾತ್ರ ಬೇಡ. ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ತೆಗೆದುಕೊಳ್ಳುವುದೇ ಇಲ್ಲ. ಸ್ಪರ್ಧೆಯ ಮಾತು ಹಾಗಿರಲಿ, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂದರೇನೆಂದು ಹೇಳುವಾಗ ಕೊಲ್ಲುವುದು, ಹಿಡಿಯುವುದರ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ.