ನಾಲ್ಕು ಪುಟದ ನಿಘಂಟು

ಭಾಷೆಯನ್ನು ಕಲಿಸುವುದು ನನ್ನ ವೃತ್ತಿ. ಆದರೂ ನನ್ನ ದೊಡ್ಡಮ್ಮನ ಮಗನ ಭಾಷೆಯನ್ನು ನಾನು ಕಲಿತದ್ದು ಅವನು ತೀರಿಕೊಂಡ ವರ್ಷದಲ್ಲಿ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದ್ದ ಅವನಿಗೆ ಬರುತ್ತಿದ್ದುದು ಮೂವತ್ತು ನಲವತ್ತು ಮಾತುಗಳು. ಪೂಜೆಯ ಹೊತ್ತಿಗೆ ಗಂಟೆ ಬಾರಿಸುವ ಅಧಿಕಾರ ಮಾತ್ರ ಅವನದೇ. ಅದನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಒಂದು ದಿನ ಗಂಟೆ ಬಾರಿಸಲಿಲ್ಲ. ಎಲೆಯ ಮುಂದೆ ಕುಳಿತು ಸುಮ್ಮನೆ ಕಿವಿ ತಿಕ್ಕತೊಡಗಿದ. ಆಸ್ಪತ್ರೆಯಲ್ಲಿ, “ಇಂಥವರಲ್ಲಿ ಇದೆಲ್ಲ ಸಹಜ” ಎಂದರು. ಮೂರು ತಿಂಗಳ ಮೇಲೆ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ಕಾಲ ಮೀರಿತ್ತು. ಬೌದ್ಧಿಕ ನ್ಯೂನತೆಯ ನೆರಳಿನಲ್ಲಿ ರೋಗ ಮರೆಯಾಗುವ ಈ ಪ್ರಮಾದ ವೈದ್ಯಲೋಕಕ್ಕೆ ಅಪರಿಚಿತವೇನಲ್ಲ. ಇಂಗ್ಲೆಂಡಿನ ನೈರುತ್ಯ ಭಾಗದ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಹೊರಬಂದ ವರದಿಯೊಂದು, ಇಂಥ ಪುರುಷರು ಉಳಿದವರಿಗಿಂತ ಸುಮಾರು 13 ವರ್ಷ, ಸ್ತ್ರೀಯರು 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆಂದು ತೋರಿಸಿತು.

ಆ ದೇಶದಲ್ಲಿ ಡಿಸ್‌ಡ್ಯಾಟ್ ಎಂಬ ಪತ್ರಕವೊಂದು ಬಳಕೆಯಲ್ಲಿದೆ. ಮಾತು ಬಾರದವನು ನೆಮ್ಮದಿಯಾಗಿದ್ದಾಗ ಅವನ ಮುಖ, ದನಿ, ಕೂರುವ ಭಂಗಿ ಹೇಗಿರುತ್ತವೆ, ಸಂಕಟದಲ್ಲಿ ಹೇಗೆ ಬದಲಾಗುತ್ತವೆ ಎಂಬುದನ್ನು ಅವನನ್ನು ಬಲ್ಲವರಿಂದ ಕೇಳಿ ಬರೆದಿಡುತ್ತಾರೆ. ಸಂಕಟವನ್ನು ಗುರುತಿಸಿದ ಮೇಲೆ ಕಾರಣದ ಶೋಧ. ನಾನೂ ಒಂದು ನೋಟುಬುಕ್ಕು ಹಿಡಿದು ಕುಳಿತೆ. ದೊಡ್ಡಮ್ಮ ಹೇಳುತ್ತ ಹೋದರು: ಕಿವಿ ತಿಕ್ಕಿದರೆ ನೋವು, ಗುನುಗಿದರೆ ಭಯ, ಸೆರಗಿನ ತುದಿ ಹಿಡಿದರೆ ನಿದ್ದೆ. ನಿಘಂಟುಗಳ ನಡುವೆಯೇ ಬದುಕುವವನು ನಾನು. ಆದರೆ ಯಾವ ನಿಘಂಟೂ ಇಷ್ಟು ಅವಸರದಲ್ಲಿ ಬೇಕಾಗಿರಲಿಲ್ಲ. ಮನೆಗೆ ಬರುತ್ತಿದ್ದ ದಾದಿ ಆ ನಾಲ್ಕು ಪುಟಗಳನ್ನು ವೈದ್ಯರಿಗೆ ತೋರಿಸಿದ ಮೇಲೆ ಅವನಿಗೆ ಮಾರ್ಫಿನ್ ದೊರೆಯಿತು.

ಅವನಿಗೆ ಹೇಳುವುದೋ ಬೇಡವೋ ಎಂಬುದು ಉಳಿದಿತ್ತು. ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮನ್ನಿಸಿತು. ಅದು ಸ್ವಸ್ಥಚಿತ್ತರಾದ ವಯಸ್ಕರಿಗೆ. ನನ್ನಣ್ಣನಂಥವರು ಏನನ್ನು ಬರೆದಾರು? ಶೀಲಾ ಹಾಲಿನ್ಸ್, ಐರೀನ್ ಟಫ್ರಿ-ವೈನ್ ಎಂಬ ಇಬ್ಬರು 2009ರಲ್ಲಿ ಇಂಥವರಿಗೆಂದೇ ಸಾವಿನ ಕಥೆಯೊಂದನ್ನು ಪ್ರಕಟಿಸಿದರು. ಅದರ ಕಥೆಯೆಲ್ಲ ಚಿತ್ರಗಳಲ್ಲೇ ಸಾಗುತ್ತದೆ. ತಿಳಿವಳಿಕೆಗೆ ಅಕ್ಷರವೇ ಹೆಬ್ಬಾಗಿಲೆಂದು ನಂಬಿದ ಮೇಷ್ಟರಿಗೆ ಇದು ಕೊಂಚ ಇರುಸುಮುರುಸಿನ ಸಂಗತಿ.

“ಅವನಿಗೇನು ತಿಳಿಯುತ್ತೆ, ಹೇಳಬೇಡ ಕಣೋ” ಎಂದರು ದೊಡ್ಡಮ್ಮ. ಆದರೆ ಅವನೇ ಕೇಳಿದ. ಒಂದು ಸಂಜೆ, ಹಾರ ಹಾಕಿದ್ದ ಅಪ್ಪನ ಪಟವನ್ನು ತೋರಿಸಿ, ಅದೇ ಬೆರಳನ್ನು ತನ್ನ ಎದೆಗಿಟ್ಟು ನನ್ನನ್ನೇ ನೋಡಿದ.

“ಹೌದು ಅಣ್ಣಾ” ಎಂದೆ.

ಸ್ವಲ್ಪ ಹೊತ್ತು ಬಿಟ್ಟು, “ಅಮ್ಮ?” ಎಂದ.

“ಅಮ್ಮ ನಿನ್ನ ಹತ್ತಿರವೇ ಇರ್ತಾಳೆ.”

ಗುನುಗಲಿಲ್ಲ, ಕಿವಿಯನ್ನೂ ಮುಟ್ಟಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಮಾರನೆಯ ಬೆಳಿಗ್ಗೆ ಪೂಜೆಯ ಗಂಟೆಯನ್ನು ಅವನ ಹಾಸಿಗೆಯ ಬಳಿಗೆ ತಂದಿಟ್ಟರು.